ಏಳನೇ ದಿನದ ಸುಸ್ತು ಅರಿವಳಿಕೆಯದ್ದಲ್ಲ

ಪ್ರಶ್ನೆ: ನನಗೆ 46 ವರ್ಷ. ಆರು ತಿಂಗಳಿಂದ ಎರಡೂ ಕಣ್ಣಿಗೆ ಪಕ್ಕದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ಪಿಟ್ಯುಟರಿ ಗ್ರಂಥಿಯಲ್ಲಿ 23 ಮಿಲಿಮೀಟರ್ ಗಡ್ಡೆ ಇರುವುದು ಗೊತ್ತಾಯಿತು. ಅತಿಯಾಗಿ ಹಾರ್ಮೋನ್ ಸುರಿಸುವ ಗಡ್ಡೆ ಅಲ್ಲವಂತೆ. ಮೂಗಿನ ಮೂಲಕ ತೆಗೆಯುತ್ತಾರೆ. ನನಗೆ ಆಪರೇಷನ್‌ಗಿಂತ ಅರಿವಳಿಕೆಯದ್ದೇ ಭಯ. ಎಂಟು ವರ್ಷದ ಹಿಂದೆ ಪಿತ್ತಕೋಶದ ಆಪರೇಷನ್ ಆದಾಗ ಎರಡು ದಿನ ವಾಂತಿ ನಿಲ್ಲಲಿಲ್ಲ. ಆಮೇಲೆ ವಾರಗಟ್ಟಲೆ ಸುಸ್ತು, ಮರೆವು. ಗ್ಯಾಸ್ ಕೊಟ್ಟರೆ ನೆನಪಿನ ಶಕ್ತಿ ಹೋಗುತ್ತೆ, ಇಂಜೆಕ್ಷನ್‌ನಲ್ಲೇ ಮಲಗಿಸಲು ಕೇಳು ಎಂದು ಒಬ್ಬರು ಹೇಳಿದರು. ಆ ಬಿಳಿ ಇಂಜೆಕ್ಷನ್ ಜೀವಕ್ಕೇ ಅಪಾಯ ಎಂದು ಇನ್ನೊಬ್ಬರು ಹೆದರಿಸಿದರು. ಮೂಗಿಗಷ್ಟೇ ಮರಗಟ್ಟಿಸಿ ಮಾಡಲು ಆಗಲ್ವಾ? ಯಾವ ಅರಿವಳಿಕೆಯಿಂದ ಬೇಗ ಚೇತರಿಸಿಕೊಳ್ಳುತ್ತೇನೆ? ಬಿಪಿಗೆ ಮಾತ್ರೆ ಇದೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೇನೆ ಎಂದು ಯಜಮಾನರು ಹೇಳುತ್ತಾರೆ, ಅದನ್ನೂ ಡಾಕ್ಟರಿಗೆ ಹೇಳಬೇಕಾ? ಕೆಲಸಕ್ಕೆ ಯಾವಾಗ ಹೋಗಬಹುದು?

ಉತ್ತರ: ಗೊರಕೆಯ ವಿಷಯವನ್ನು ಕೊನೆಯಲ್ಲಿ, ಹಿಂಜರಿಯುತ್ತಾ ಬರೆದಿದ್ದೀರಿ. ನಿಮ್ಮ ಅರಿವಳಿಕೆ ತಜ್ಞರಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದೇ. ಯಾಕೆ ಅಂತ ಮುಂದೆ ಹೇಳುತ್ತೇನೆ. ಹಿಂದಿನ ಸಲ ಅಷ್ಟು ಒದ್ದಾಡಿದವರಿಗೆ ಈ ಸಲ ಭಯ ಆಗುವುದು ಸಹಜ. ಅದನ್ನು ಸಣ್ಣದು ಅಂತ ನಾನು ಅಂದುಕೊಳ್ಳುವುದಿಲ್ಲ.

ಮೊದಲು ನೇರ ಉತ್ತರ. ಗ್ಯಾಸೋ ಇಂಜೆಕ್ಷನ್ನೋ ಎಂಬ ಆಯ್ಕೆಯಿಂದ ನಿಮ್ಮ ಮೊದಲ ದಿನ ಎಷ್ಟು ಹಿತವಾಗಿರುತ್ತದೆ ಎಂಬುದರಲ್ಲಿ ವ್ಯತ್ಯಾಸ ಆಗುತ್ತದೆ. ಅದರಲ್ಲೂ ವಾಂತಿಯ ವಿಷಯದಲ್ಲಿ. ಎರಡನೇ ದಿನದಿಂದ ಆಚೆಗಿನ ಚೇತರಿಕೆ ನಿಂತಿರುವುದು ಹಾರ್ಮೋನ್, ರಕ್ತದ ಸೋಡಿಯಂ ಮತ್ತು ಮೂಗಿನ ಒಳಗಿನ ಗಾಯದ ಮೇಲೆ. ಈ ಎರಡನ್ನೂ ಒಂದೇ ಗಂಟು ಕಟ್ಟಿ ಎಲ್ಲದಕ್ಕೂ ಅರಿವಳಿಕೆಯೇ ಕಾರಣ ಅಂದುಕೊಂಡರೆ ನಿಜವಾದ ಅಪಾಯ ಬಂದಾಗ ಗೊತ್ತೇ ಆಗುವುದಿಲ್ಲ.

ಮೂಗಿಗಷ್ಟೇ ಮರಗಟ್ಟಿಸಿ ಮಾಡಲು ಆಗುವುದಿಲ್ಲ. ಥೈರಾಯ್ಡ್‌ನಂಥ ಬೇರೆ ಗ್ರಂಥಿಗಳನ್ನೂ ನಡೆಸುವ ಪಿಟ್ಯುಟರಿ ಬಟಾಣಿ ಕಾಳಿನಷ್ಟು ದೊಡ್ಡದು. ತಲೆಬುರುಡೆಯ ತಳದಲ್ಲಿ, ಕುದುರೆಯ ಜೀನಿನಂಥ ಒಂದು ಮೂಳೆಗುಳಿಯಲ್ಲಿ ಕೂತಿರುತ್ತದೆ. ಮೇಲೆ ಕಣ್ಣಿನ ನರಗಳು, ಎರಡು ಪಕ್ಕದಲ್ಲೂ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು. ಅಂಥ ಜಾಗದಲ್ಲಿ ಸರ್ಜನ್ ಎರಡು ಮೂರು ಗಂಟೆ ಕೆಲಸ ಮಾಡುವಾಗ ನೀವು ಒಮ್ಮೆ ಕೆಮ್ಮಿದರೂ ಕಷ್ಟ. ಜೊತೆಗೆ ಮೂಗಿನ ಹಿಂದಿನಿಂದ ರಕ್ತ ಗಂಟಲಿಗೆ ಇಳಿಯುತ್ತಿರುತ್ತದೆ. ಅದು ಶ್ವಾಸಕೋಶಕ್ಕೆ ಹೋಗದಂತೆ ಉಸಿರ್ನಾಳದಲ್ಲಿ ಟ್ಯೂಬ್ ಇರಲೇಬೇಕು. ಹಾಗಾಗಿ ಪೂರ್ತಿ ಮಲಗಿಸುವ ಅರಿವಳಿಕೆ ಒಂದೇ ದಾರಿ. ಮೂಗಿನ ಒಳಗೆ ಮರಗಟ್ಟಿಸುವ ಔಷಧಿಯನ್ನೂ ಹಾಕುತ್ತಾರೆ. ಅದು ನೋವಿನ ಔಷಧಿಯ ಪ್ರಮಾಣ ಕಡಿಮೆ ಮಾಡಲು ಮಾತ್ರ.

ಗ್ಯಾಸ್ ಮತ್ತು ಇಂಜೆಕ್ಷನ್

ಎರಡೂ ಪದ್ಧತಿಯಲ್ಲಿ ಶುರುವಿಗೆ ಸಾಮಾನ್ಯವಾಗಿ ಒಂದೇ ಇಂಜೆಕ್ಷನ್ ಇರುತ್ತದೆ. ಹಾಲಿನ ಬಣ್ಣದ ಪ್ರೊಪೊಫಾಲ್. ಆಮೇಲೆ ದಾರಿ ಬೇರೆಯಾಗುತ್ತದೆ. ಗ್ಯಾಸ್ ಪದ್ಧತಿಯಲ್ಲಿ ಸೆವೊಫ್ಲುರೇನ್ ಅಥವಾ ಡೆಸ್‌ಫ್ಲುರೇನ್ ಅನ್ನು ಉಸಿರಿನ ಜೊತೆ ಕೊಡುತ್ತಾ ಹೋಗುತ್ತಾರೆ. ಇಂಜೆಕ್ಷನ್ ಪದ್ಧತಿಯಲ್ಲಿ ಪ್ರೊಪೊಫಾಲ್ ಅನ್ನೇ ಪಂಪಿನಿಂದ ಹನಿಹನಿಯಾಗಿ ಮುಂದುವರಿಸುತ್ತಾರೆ. ರೆಮಿಫೆಂಟನಿಲ್‌ನಂಥ ನೋವಿನ ಔಷಧಿ ಜೊತೆಗಿರುತ್ತದೆ. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಅದರ ಪರಿಣಾಮ ಇಳಿದುಹೋಗುತ್ತದೆ.

ಎರಡರಲ್ಲೂ ಎಚ್ಚರವಾಗುವ ಹೊತ್ತಿನಲ್ಲಿ ವ್ಯತ್ಯಾಸ ಇರುವುದು ನಿಮಿಷಗಳಲ್ಲಿ. ಒಂದರಲ್ಲಿ ಎರಡು ದಿನ ಮೊದಲೇ ಮನೆಗೆ ಹೋಗಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರೊಪೊಫಾಲ್‌ನಲ್ಲಿ ರಕ್ತ ಸ್ವಲ್ಪ ಕಡಿಮೆ ಒಸರಿ, ಸರ್ಜನ್‌ಗೆ ಒಳಗಡೆ ಚೆನ್ನಾಗಿ ಕಾಣುತ್ತದೆ ಎಂದು ಸೈನಸ್ ಆಪರೇಷನ್‌ಗಳ ಕೆಲವು ಅಧ್ಯಯನಗಳು ಹೇಳುತ್ತವೆ. ಕೆಲವು ಇಲ್ಲ ಅನ್ನುತ್ತವೆ. ನನ್ನ ಅನುಭವದಲ್ಲಿ ತಲೆಯ ಭಾಗವನ್ನು ಸ್ವಲ್ಪ ಎತ್ತಿ ಇಡುವುದು, ಬಿಪಿ ಏರದಂತೆ ನೋಡಿಕೊಳ್ಳುವುದು, ಮೂಗಿನ ಒಳಗೆ ರಕ್ತನಾಳ ಕುಗ್ಗಿಸುವ ಔಷಧಿ ಸರಿಯಾಗಿ ಹಾಕುವುದು, ಇವುಗಳಿಂದ ಆಗುವ ಲಾಭವೇ ಜಾಸ್ತಿ.

ನಿಮ್ಮ ವಿಷಯದಲ್ಲಿ ತಕ್ಕಡಿ ಒಂದು ಕಡೆ ವಾಲುವುದು ವಾಂತಿಯಿಂದ. ಆಪರೇಷನ್ ನಂತರದ ವಾಂತಿಯ ಸಾಧ್ಯತೆ ಲೆಕ್ಕ ಹಾಕಲು ನಾವು ನಾಲ್ಕು ವಿಷಯ ನೋಡುತ್ತೇವೆ. ಹೆಣ್ಣಾಗಿರುವುದು, ಸಿಗರೇಟು ಸೇದದಿರುವುದು, ಹಿಂದೆ ಹೀಗೆ ವಾಂತಿ ಆಗಿರುವುದು ಅಥವಾ ಪ್ರಯಾಣದಲ್ಲಿ ವಾಂತಿಯಾಗುವ ಅಭ್ಯಾಸ, ಮತ್ತು ಆಪರೇಷನ್ ನಂತರ ಮಾರ್ಫಿನ್ ಜಾತಿಯ ನೋವಿನ ಔಷಧಿ. ಮೂರು ಸೇರಿದರೆ, ಏನೂ ಮುಂಜಾಗ್ರತೆ ಮಾಡದಿದ್ದಾಗ 100ರಲ್ಲಿ ಸುಮಾರು 60 ಜನರಿಗೆ ವಾಕರಿಕೆ, ವಾಂತಿ ಆಗುತ್ತದೆ. ನಾಲ್ಕೂ ಇದ್ದರೆ 80. ನೀವು ಸಿಗರೇಟು ಸೇದುವವರಲ್ಲ ಅಂದುಕೊಂಡರೆ ನಿಮಗೆ ಆಗಲೇ ಮೂರು ಇವೆ. ಇದರ ಮೇಲೆ ಮೂಗಿನ ಆಪರೇಷನ್‌ನಲ್ಲಿ ರಕ್ತ ಹೊಟ್ಟೆಗೆ ಇಳಿದರೆ ಅದೂ ವಾಂತಿ ತರುತ್ತದೆ. ಗಂಟಲಲ್ಲಿ ಬಟ್ಟೆಯ ಪ್ಯಾಕ್ ಇಡುವುದು, ಎಬ್ಬಿಸುವ ಮೊದಲು ಹೊಟ್ಟೆಯಲ್ಲಿರುವುದನ್ನು ಟ್ಯೂಬಿನಿಂದ ಹೀರಿ ತೆಗೆಯುವುದು ಇದಕ್ಕೇ.

5,000ಕ್ಕೂ ಹೆಚ್ಚು ರೋಗಿಗಳನ್ನು ನೋಡಿದ 2004ರ ಒಂದು ದೊಡ್ಡ ಅಧ್ಯಯನ ಇದೆ. ಗ್ಯಾಸ್ ಬದಲು ಪ್ರೊಪೊಫಾಲ್ ಕೊಟ್ಟರೆ ವಾಂತಿಯ ಸಾಧ್ಯತೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಒಂಡನ್ಸೆಟ್ರಾನ್‌ನಂಥ ವಾಂತಿ ತಡೆಯುವ ಇಂಜೆಕ್ಷನ್ ಒಂದೊಂದರಿಂದಲೂ ಸುಮಾರು ಕಾಲು ಭಾಗ ಕಡಿಮೆಯಾಯಿತು. ಅಂದರೆ ಒಂದೇ ಮದ್ದನ್ನು ನೆಚ್ಚಿಕೊಳ್ಳುವುದಕ್ಕಿಂತ ಎರಡು ಮೂರನ್ನು ಸೇರಿಸಬೇಕು. ನಿಮಗೆ ಅರಿವಳಿಕೆ ಕೊಡುವುದು ನಾನೇ ಆಗಿದ್ದರೆ ಪ್ರೊಪೊಫಾಲ್ ಪಂಪ್ ಇಡುತ್ತಿದ್ದೆ, ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಗ್ಯಾಸನ್ನು ಬಳಸುತ್ತಿರಲಿಲ್ಲ, ವಾಂತಿಗೆ ಎರಡು ಬೇರೆ ಬೇರೆ ಔಷಧಿ ಕೊಡುತ್ತಿದ್ದೆ. ಡೆಕ್ಸಾಮೆಥಸೋನ್ ಕೊಡುವ ಮೊದಲು ಮಾತ್ರ ಸರ್ಜನ್‌ ಹತ್ತಿರ ಮಾತಾಡುತ್ತಿದ್ದೆ. ವಾಂತಿಗೆ ಒಳ್ಳೆಯ ಮದ್ದು, ಆದರೆ ಅದೊಂದು ಸ್ಟೆರಾಯ್ಡ್. ಆಪರೇಷನ್ ನಂತರ ನಿಮ್ಮ ದೇಹವೇ ಎಷ್ಟು ಕಾರ್ಟಿಸೋಲ್ (ದೇಹದ ಸ್ವಂತ ಸ್ಟೆರಾಯ್ಡ್ ಹಾರ್ಮೋನ್) ಮಾಡುತ್ತಿದೆ ಎಂದು ಪರೀಕ್ಷಿಸುವಾಗ ಅದು ಲೆಕ್ಕ ತಪ್ಪಿಸುತ್ತದೆ.

ಇಂಜೆಕ್ಷನ್ ಪದ್ಧತಿಗೂ ಅದರದ್ದೇ ತೊಂದರೆ ಇದೆ. ಉಸಿರಿನಲ್ಲಿ ಗ್ಯಾಸ್ ಎಷ್ಟಿದೆ ಎಂದು ಯಂತ್ರ ಪ್ರತಿ ಉಸಿರಿಗೂ ತೋರಿಸುತ್ತದೆ. ರಕ್ತದಲ್ಲಿ ಪ್ರೊಪೊಫಾಲ್ ಎಷ್ಟಿದೆ ಎಂದು ಹಾಗೆ ನೋಡಲು ಆಗುವುದಿಲ್ಲ. ಡ್ರಿಪ್ಪಿನ ಸೂಜಿ ಜರುಗಿ ಔಷಧಿ ರಕ್ತನಾಳದ ಆಚೆ ಹೋದರೆ ರೋಗಿಗೆ ನಡುವೆ ಅರಿವು ಬರಬಹುದು. ಅದಕ್ಕೇ ಹಣೆಯ ಮೇಲೆ ಪಟ್ಟಿ ಅಂಟಿಸಿ ಮೆದುಳಿನ ಚಟುವಟಿಕೆ ನೋಡುತ್ತಾ ಇರುತ್ತೇವೆ. ಆಪರೇಷನ್ ನಡುವೆ ಅರಿವು ಬಂದು ನೆನಪಿನಲ್ಲಿ ಉಳಿಯುವುದು ತೀರಾ ಅಪರೂಪ. 2014ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಐರ್ಲೆಂಡಿನ ಸಮೀಕ್ಷೆಯಲ್ಲಿ ರೋಗಿಗಳು ತಾವಾಗಿ ಹೇಳಿಕೊಂಡ ಪ್ರಕರಣ ಸುಮಾರು 19,000ಕ್ಕೆ ಒಂದು. ಇನ್ನು ರೆಮಿಫೆಂಟನಿಲ್ ಥಟ್ಟನೆ ಇಳಿಯುವುದರಿಂದ ಎದ್ದ ಕೂಡಲೇ ತಲೆನೋವು ಒಮ್ಮೆಲೇ ಗೊತ್ತಾಗಬಹುದು. ಪ್ಯಾರಸಿಟಮಾಲ್ ಮೊದಲೇ ಕೊಟ್ಟಿದ್ದರೆ ಇದು ಹಿಡಿತದಲ್ಲಿರುತ್ತದೆ.

ನಿಮ್ಮ ಊರಿನ ತಂಡ ಗ್ಯಾಸ್‌ನಲ್ಲೇ ಪಳಗಿದ್ದು ಪಂಪ್ ಪದ್ಧತಿಯನ್ನು ಅಪರೂಪಕ್ಕೆ ಬಳಸುವುದಾದರೆ ಅವರು ಚೆನ್ನಾಗಿ ಬಲ್ಲದ್ದನ್ನೇ ಮಾಡಲಿ. ವಾಂತಿಗೆ ಬೇರೆ ಔಷಧಿ ಸೇರಿಸಿದರಾಯಿತು. ಗ್ಯಾಸ್ ಪೂರ್ತಿ ಬೇಡ ಎನ್ನುವ ಒಂದು ಸಂದರ್ಭ ಮಾತ್ರ ಇದೆ. ನಿಮಗೋ ರಕ್ತಸಂಬಂಧಿಗಳಿಗೋ ಹಿಂದೆ ಅರಿವಳಿಕೆಯಲ್ಲಿ ಮೈ ವಿಪರೀತ ಬಿಸಿಯಾಗಿ, ಮಾಂಸಖಂಡ ಬಿಗಿದು ಪ್ರಾಣಾಪಾಯ ಆಗಿದ್ದರೆ ಅದನ್ನು ಹೇಳಲೇಬೇಕು.

ಬಿಳಿ ಇಂಜೆಕ್ಷನ್ ಭಯ, ಮರೆವಿನ ಭಯ

ಪ್ರೊಪೊಫಾಲ್‌ಗೆ ಕೆಟ್ಟ ಹೆಸರು ಬಂದಿದ್ದು 2009ರಲ್ಲಿ, ಗಾಯಕ ಮೈಕೆಲ್ ಜಾಕ್ಸನ್ ತೀರಿಕೊಂಡಾಗ. ಅವರಿಗೆ ಅದನ್ನು ಕೊಟ್ಟಿದ್ದು ಮನೆಯಲ್ಲಿ, ನಿದ್ದೆಗೆಂದು. ಉಸಿರು, ಆಕ್ಸಿಜನ್ ನೋಡುತ್ತಾ ಕೂರುವ ಸರಿಯಾದ ವ್ಯವಸ್ಥೆ ಅಲ್ಲಿರಲಿಲ್ಲ. ಈ ಔಷಧಿ ಉಸಿರಾಟವನ್ನು ಕುಗ್ಗಿಸುತ್ತದೆ, ಬಿಪಿ ಇಳಿಸುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಅದನ್ನು ಗೊತ್ತಿದ್ದೇ ಕೊಡುತ್ತೇವೆ. ಉಸಿರನ್ನು ಯಂತ್ರ ನೋಡಿಕೊಳ್ಳುತ್ತದೆ, ಯಂತ್ರವನ್ನೂ ನಿಮ್ಮನ್ನೂ ಒಬ್ಬರು ಬಿಡದೆ ನೋಡುತ್ತಿರುತ್ತಾರೆ.

ಹಾಗೆ ನೋಡುತ್ತಾ ಬರೆದಿಡುವ ಅಭ್ಯಾಸಕ್ಕೂ ಪಿಟ್ಯುಟರಿಗೂ ಒಂದು ಹಳೆಯ ನಂಟಿದೆ. 1890ರ ದಶಕದಲ್ಲಿ ಹಾರ್ವೆ ಕುಶಿಂಗ್ ಎಂಬ ವೈದ್ಯ ವಿದ್ಯಾರ್ಥಿ ಆಗಿನ ಅರಿವಳಿಕೆಯಾದ ಈಥರ್ ಕೊಡುತ್ತಿದ್ದಾಗ ರೋಗಿಯೊಬ್ಬರು ತೀರಿಕೊಂಡರು. ಅದು ಅವರನ್ನು ಬಹಳ ಕಾಡಿತು. ಜೊತೆಗಾರ ಅರ್ನೆಸ್ಟ್ ಕಾಡ್‌ಮನ್ ಜೊತೆ ಸೇರಿ, ಈಥರ್ ಕೊಡುವಾಗ ನಾಡಿ, ಉಸಿರುಗಳನ್ನು ಆಗಾಗ ಎಣಿಸಿ ಬರೆದಿಡುವ ಚಾರ್ಟ್ ಶುರು ಮಾಡಿದರು. ಅದೇ ಕುಶಿಂಗ್ ಮುಂದೆ ಪಿಟ್ಯುಟರಿ ಸರ್ಜರಿಯ ದೊಡ್ಡ ಹೆಸರಾದರು. ಮೂಗಿನ ದಾರಿಯಲ್ಲಿ 200ಕ್ಕೂ ಹೆಚ್ಚು ಆಪರೇಷನ್ ಮಾಡಿದರು. ನಿಮ್ಮ ತಲೆಯ ಹತ್ತಿರ ಕೂತವರು ಇವತ್ತಿಗೂ ಆ ಚಾರ್ಟನ್ನು ತುಂಬುತ್ತಾ ಇರುತ್ತಾರೆ.

ಇನ್ನು ಮರೆವು. ಗ್ಯಾಸ್ ಕೊಟ್ಟರೆ ಮರೆವು ಬರುತ್ತದೆ, ಇಂಜೆಕ್ಷನ್ ಕೊಟ್ಟರೆ ಬರುವುದಿಲ್ಲ ಎನ್ನಲು ಗಟ್ಟಿ ಆಧಾರವಿಲ್ಲ. ವಯಸ್ಸಾದವರಿಗೆ ಯಾವ ದೊಡ್ಡ ಆಪರೇಷನ್ ಆದರೂ ಕೆಲವು ದಿನ ಗೊಂದಲ ಆಗಬಹುದು. 46ರಲ್ಲಿ ಅದರ ಸಾಧ್ಯತೆ ಬಹಳ ಕಡಿಮೆ. ಹಿಂದಿನ ಸಲದ ಮರೆವು ಯಾಕೆ ಬಂತು ಎಂದು ಇಲ್ಲಿಂದ ಹೇಳಲಾರೆ. ಎರಡು ದಿನ ಅನ್ನ, ನಿದ್ದೆ ಇಲ್ಲದೆ ವಾಂತಿ ಮಾಡಿಕೊಂಡವರಿಗೆ ತಲೆ ಮಂಕಾಗುವುದು ಇದ್ದದ್ದೇ. ಅದಕ್ಕಿಂತ ಮುಖ್ಯ, ಈಗಲೂ ಸುಸ್ತು, ಮರೆವು, ಚಳಿ ತಡೆಯಲಾರದಿರುವುದು ಇದ್ದರೆ ಗಡ್ಡೆಯ ಒತ್ತಡದಿಂದ ಥೈರಾಯ್ಡ್ ಅಥವಾ ಕಾರ್ಟಿಸೋಲ್ ಕಡಿಮೆಯಾಗಿರಬಹುದು. ಬೆಳಗಿನ ಕಾರ್ಟಿಸೋಲ್, ಥೈರಾಯ್ಡ್, ಸೋಡಿಯಂ ಪರೀಕ್ಷೆ ಆಗಿದೆಯಾ ಕೇಳಿ. ಕಾರ್ಟಿಸೋಲ್ ಕಡಿಮೆ ಇದ್ದರೆ ಆಪರೇಷನ್ ಹೊತ್ತಿಗೆ ಅದರ ಬದಲಿಗೆ ಹೈಡ್ರೊಕಾರ್ಟಿಸೋನ್ ಕೊಡಲೇಬೇಕು. ಇಲ್ಲದಿದ್ದರೆ ಯಾವ ಅರಿವಳಿಕೆ ಕೊಟ್ಟರೂ ಬಿಪಿ ಕುಸಿಯುತ್ತದೆ. ನಿಮ್ಮಂಥವರಿಗೆ ನಾವು ಸಾಮಾನ್ಯವಾಗಿ ದೂರ ಇಡುವ ಮಲಗಿಸುವ ಔಷಧಿ ಎಟೊಮಿಡೇಟ್. ಕಾರ್ಟಿಸೋಲ್ ತಯಾರಾಗುವುದನ್ನೇ ಅದು ಸ್ವಲ್ಪ ಹೊತ್ತು ತಡೆಯುತ್ತದೆ.

ಹೇಗೆ ಎಬ್ಬಿಸುತ್ತಾರೆ ಎಂದು ಕೇಳಿ

ನನ್ನನ್ನು ಕೇಳಿದರೆ ಈ ಆಪರೇಷನ್‌ನಲ್ಲಿ ಅರಿವಳಿಕೆಯ ಕಷ್ಟದ ಭಾಗ ಮಲಗಿಸುವುದಲ್ಲ, ಎಬ್ಬಿಸುವುದು. ಗಡ್ಡೆ ತೆಗೆದ ಜಾಗವನ್ನು ಸರ್ಜನ್ ತೆಳುವಾದ ಪದರ, ಕೊಬ್ಬು, ಅಂಟಿನಿಂದ ಮುಚ್ಚಿರುತ್ತಾರೆ. ಅದರ ಆಚೆ ಮೆದುಳಿನ ಸುತ್ತಲಿನ ನೀರು ಇರುತ್ತದೆ. ಎದ್ದಾಗ ಜೋರಾಗಿ ಕೆಮ್ಮಿದರೆ, ಒದ್ದಾಡಿದರೆ ಒತ್ತಡ ಏರಿ ಆ ಮುಚ್ಚಳಕ್ಕೆ ಪೆಟ್ಟು ಬೀಳಬಹುದು, ರಕ್ತ ಒಸರಬಹುದು. ಹಾಗಂತ ಮಂಪರಿನಲ್ಲೇ ಬಿಡುವಂತೆಯೂ ಇಲ್ಲ. ನೀವು ಕಣ್ಣು ಬಿಟ್ಟು "ಎಷ್ಟು ಬೆರಳು?" ಎಂದರೆ ಹೇಳಬೇಕು. ಕಣ್ಣಿನ ನರದ ಮೇಲೆ ರಕ್ತ ಕಟ್ಟಿಕೊಂಡರೆ ಮೊದಲು ಗೊತ್ತಾಗುವುದು ಹಾಗೆಯೇ.

ಇಲ್ಲಿ ಗೊರಕೆ ಬರುತ್ತದೆ. ಎದ್ದಾಗ ಮೂಗು ಪ್ಯಾಕ್ ಮಾಡಿರಬಹುದು, ಇಲ್ಲವೇ ಊದಿಕೊಂಡು ಕಟ್ಟಿರುತ್ತದೆ. ಬಾಯಲ್ಲೇ ಉಸಿರಾಡಬೇಕು. ಗೊರಕೆ ಹೊಡೆಯುವವರಿಗೆ ಮಂಪರಿನಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ. ಬೇರೆ ಆಪರೇಷನ್ ಆಗಿದ್ದರೆ ಮುಖಕ್ಕೆ ಮಾಸ್ಕ್ ಒತ್ತಿ ಗಾಳಿ ತಳ್ಳುತ್ತಿದ್ದೆವು. ಇಲ್ಲಿ ಹಾಗೆ ತಳ್ಳಿದರೆ ಗಾಳಿ ಮೂಗಿನ ಒಳಗಿನ ಗಾಯದಿಂದ ತಲೆಬುರುಡೆಯ ಒಳಗೇ ಹೋಗಬಹುದು. ಮೊದಲೇ ಗೊತ್ತಿದ್ದರೆ ನಾವು ಮಾರ್ಫಿನ್ ಜಾತಿಯ ಔಷಧಿ ಕಡಿಮೆ ಮಾಡುತ್ತೇವೆ, ಪೂರ್ತಿ ಎಚ್ಚರವಾದ ಮೇಲೆಯೇ ಟ್ಯೂಬ್ ತೆಗೆಯುತ್ತೇವೆ, ತಲೆ ಎತ್ತಿ ಮಲಗಿಸಿ ರಾತ್ರಿಯಿಡೀ ಆಕ್ಸಿಜನ್ ಮಟ್ಟ ನೋಡುತ್ತೇವೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದಾ ಎಂದು ಯಜಮಾನರನ್ನು ಕೇಳಿಕೊಂಡು ಹೋಗಿ. ರಾತ್ರಿ ಉಸಿರಿನ ಯಂತ್ರ ಬಳಸುವವರು ಆಪರೇಷನ್ ಆದ ಮೇಲೆ ಸರ್ಜನ್ ಹೇಳುವವರೆಗೂ ಅದನ್ನು ಹಾಕಿಕೊಳ್ಳಬಾರದು.

ಕೆಮ್ಮದಂತೆ ಎಬ್ಬಿಸಲು ದಾರಿಗಳಿವೆ. ಮಂಪರಿನಲ್ಲೇ ಟ್ಯೂಬ್ ತೆಗೆದರೆ ಕೆಮ್ಮು ಬರುವುದಿಲ್ಲ, ಆದರೆ ಗಂಟಲಲ್ಲಿ ರಕ್ತ ಇರುವಾಗ, ಅದೂ ಗೊರಕೆ ಇರುವವರಲ್ಲಿ, ಆ ಧೈರ್ಯ ನಾನು ಮಾಡುವುದಿಲ್ಲ. ರೆಮಿಫೆಂಟನಿಲ್ ಅನ್ನು ಸಣ್ಣ ಪ್ರಮಾಣದಲ್ಲಿ ಟ್ಯೂಬ್ ತೆಗೆಯುವವರೆಗೂ ಓಡಿಸಿದರೆ ರೋಗಿ ಶಾಂತವಾಗಿ ಕಣ್ಣು ಬಿಡುತ್ತಾರೆ, ಹೇಳಿದ್ದು ಕೇಳುತ್ತಾರೆ, ಕೆಮ್ಮು ಕಡಿಮೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಉಸಿರು ನಿಧಾನವಾಗುತ್ತದೆ, ಹತ್ತಿರವೇ ನಿಂತಿರಬೇಕು. ಡೆಕ್ಸ್‌ಮೆಡಿಟೊಮಿಡಿನ್ ಎಂಬ ಇನ್ನೊಂದು ಮಂಪರಿನ ಔಷಧಿ ಉಸಿರನ್ನು ಅಷ್ಟು ಕುಗ್ಗಿಸುವುದಿಲ್ಲ, ಆದರೆ ನಾಡಿ ನಿಧಾನ ಮಾಡುತ್ತದೆ, ಮಂಪರು ಸ್ವಲ್ಪ ಹೊತ್ತು ಉಳಿಯುತ್ತದೆ.

ಆ ಏಳನೇ ದಿನ

ನನ್ನ ವೃತ್ತಿಯ ಶುರುವಿನ ವರ್ಷಗಳಲ್ಲಿ ನೋಡಿದ ಒಬ್ಬ ರೋಗಿ ಇನ್ನೂ ನೆನಪಿನಲ್ಲಿದ್ದಾರೆ. ಆಪರೇಷನ್ ಚೆನ್ನಾಗಿ ಆಗಿತ್ತು, ನಾಲ್ಕನೇ ದಿನ ನಗುತ್ತಾ ಮನೆಗೆ ಹೋದರು. ಏಳನೇ ದಿನ ತಲೆನೋವು, ವಾಕರಿಕೆ, ಬರೀ ನಿದ್ದೆ. "ಅನಸ್ತೇಶಿಯಾ ಇನ್ನೂ ಇಳಿದಿಲ್ಲ" ಎಂದು ಮನೆಯವರು ಎರಡು ದಿನ ಕಾದರು. ಚೆನ್ನಾಗಿ ನೀರು ಕುಡಿಸಿದರೆ ಔಷಧಿ ತೊಳೆದು ಹೋಗುತ್ತೆ ಎಂದು ಯಾರೋ ಹೇಳಿದ್ದಕ್ಕೆ ನೀರು ಕುಡಿಸುತ್ತಲೇ ಇದ್ದರು. ಫಿಟ್ಸ್ ಬಂದ ಮೇಲೆ ಆಸ್ಪತ್ರೆಗೆ ಕರೆತಂದರು. ರಕ್ತದ ಸೋಡಿಯಂ ಪಾತಾಳಕ್ಕೆ ಇಳಿದಿತ್ತು. ಅವರು ಉಳಿದರು. ಆದರೆ ಮನೆಗೆ ಕಳಿಸುವಾಗ ಈ ಒಂದು ಮಾತನ್ನು ನಾವು ಬಿಡಿಸಿ ಹೇಳಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ. ಅಂದಿನಿಂದ ಮನೆಯವರನ್ನು ಕೂರಿಸಿಕೊಂಡು ಹೇಳದೆ ನಾನು ಯಾರನ್ನೂ ಕಳಿಸಿಲ್ಲ.

ಆಗುವುದು ಹೀಗೆ. ದೇಹದ ನೀರನ್ನು ಹಿಡಿದಿಡುವ ಹಾರ್ಮೋನ್ ಪಿಟ್ಯುಟರಿಯ ಹಿಂಭಾಗದಿಂದ ರಕ್ತಕ್ಕೆ ಬರುತ್ತದೆ. ಆಪರೇಷನ್‌ನಲ್ಲಿ ಆ ಭಾಗ ಅಲುಗಾಡಿದರೆ ಮೊದಲ ಒಂದೆರಡು ದಿನ ಹಾರ್ಮೋನ್ ನಿಂತುಹೋಗಬಹುದು. ಆಗ ನೀರಿನಂಥ ಮೂತ್ರ ಕೊಡಗಟ್ಟಲೆ ಹೋಗುತ್ತದೆ, ಬಾಯಾರಿಕೆ ತಡೆಯಲು ಆಗುವುದಿಲ್ಲ. ಇದು ಸಕ್ಕರೆ ಕಾಯಿಲೆ ಅಲ್ಲ. ಬಹಳ ಜನರಿಗೆ ಕೆಲವೇ ದಿನದಲ್ಲಿ ಸರಿಹೋಗುತ್ತದೆ, ಬೇಕಾದರೆ ಆ ಹಾರ್ಮೋನ್‌ನ ಕೆಲಸ ಮಾಡುವ ಡೆಸ್ಮೊಪ್ರೆಸಿನ್ ಕೊಡುತ್ತಾರೆ. ಅದಕ್ಕೇ ಆಸ್ಪತ್ರೆಯಲ್ಲಿ ಮೂತ್ರವನ್ನು ಗಂಟೆಗಂಟೆಗೂ ಅಳೆಯುತ್ತಾರೆ. ಇನ್ನು ಕೆಲವರಿಗೆ ನಾಲ್ಕರಿಂದ ಹತ್ತನೇ ದಿನದ ನಡುವೆ ಉಲ್ಟಾ ಆಗುತ್ತದೆ. ಪೆಟ್ಟು ತಿಂದ ನರಕೋಶಗಳಿಂದ ಅದೇ ಹಾರ್ಮೋನ್ ಅಳತೆ ಮೀರಿ ಸೋರಿ, ದೇಹ ನೀರನ್ನು ಬಿಡುವುದೇ ಇಲ್ಲ. ರಕ್ತ ತೆಳುವಾಗಿ, 135ರಿಂದ 145 ಇರಬೇಕಾದ ಸೋಡಿಯಂ ಇಳಿಯುತ್ತದೆ. ಈ ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರಬೇಕಾಗಿ ಬರುವುದು ಹೆಚ್ಚಾಗಿ ಇದರಿಂದಲೇ.

ಇದಕ್ಕೂ ಗ್ಯಾಸ್‌ಗೂ ಇಂಜೆಕ್ಷನ್‌ಗೂ ಸಂಬಂಧವಿಲ್ಲ. ಎರಡೂ ಮರುದಿನದ ಹೊತ್ತಿಗೆ ನಿಮ್ಮನ್ನು ಮಂಕು ಮಾಡುವಷ್ಟು ಮೈಯಲ್ಲಿ ಉಳಿದಿರುವುದಿಲ್ಲ. ಹಾಗಾಗಿ ನಾಲ್ಕನೇ ದಿನದ ನಂತರ ಹೊಸದಾಗಿ ತಲೆನೋವು, ವಾಂತಿ, ಗೊಂದಲ, ಅತಿ ನಿದ್ದೆ ಬಂದರೆ ಕಾಯಬೇಡಿ. ಅವತ್ತೇ ಸೋಡಿಯಂ ಪರೀಕ್ಷೆ ಮಾಡಿಸಿ. ಏನೂ ತೊಂದರೆ ಇಲ್ಲದಿದ್ದರೂ ಏಳನೇ ದಿನದ ಸುಮಾರಿಗೆ ಒಮ್ಮೆ ಮಾಡಿಸಬೇಕಾ ಎಂದು ಸರ್ಜನ್‌ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ. ಬಾಯಾರಿಕೆ ಆದಷ್ಟೇ ನೀರು ಕುಡಿಯಿರಿ, ಒಳ್ಳೆಯದು ಅಂತ ಸುಮ್ನೆ ಜಾಸ್ತಿ ಕುಡಿಯಬೇಡಿ. ಎಷ್ಟು ಕುಡಿಯಬೇಕು ಎಂದು ಅವರು ಅಳತೆ ಹೇಳಿದ್ದರೆ ಅದೇ ಕೊನೆ ಮಾತು. ಸ್ಟೆರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಗಂಟಲಿಗೆ ಉಪ್ಪುಪ್ಪಾದ ನೀರು ಇಳಿದಂತಾದರೆ, ನೋಟ ಮತ್ತೆ ಮಂಕಾದರೆ ರಾತ್ರಿಯಾದರೂ ಫೋನ್ ಮಾಡಿ. ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯುವುದು, ಭಾರ ಎತ್ತುವುದು, ಶೌಚದಲ್ಲಿ ತಿಣುಕುವುದು ಕೆಲವು ವಾರ ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಿ.

ಕೂತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಮರಳಬಹುದು. ಅರಿವಳಿಕೆಯ ಲೆಕ್ಕದಲ್ಲಾದರೆ ಒಂದು ದಿನ ಗಾಡಿ ಓಡಿಸದಿದ್ದರೆ, ಮುಖ್ಯ ಕಾಗದಕ್ಕೆ ಸಹಿ ಹಾಕದಿದ್ದರೆ ಸಾಕಿತ್ತು. ನಿಮ್ಮ ವಿಷಯದಲ್ಲಿ ಗಾಡಿಗೆ ಕಣ್ಣಿನ ಪರೀಕ್ಷೆ ಆಗುವವರೆಗೂ ಕಾಯಬೇಕು. ಎರಡು ಮೂರು ವಾರ ಮಧ್ಯಾಹ್ನದ ಹೊತ್ತಿಗೆ ಸೋತುಹೋಗುವುದು ಸಾಮಾನ್ಯ. ಒಂದು ತಿಂಗಳಾದರೂ ಏಳಲಾಗದಷ್ಟು ಸುಸ್ತು ಇದ್ದರೆ ಹಾರ್ಮೋನ್ ಪರೀಕ್ಷೆ ಮತ್ತೆ ಆಗಬೇಕು.

ಅರಿವಳಿಕೆ ತಜ್ಞರನ್ನು ನೋಡಲು ಹೋಗುವಾಗ ಪಿತ್ತಕೋಶದ ಆಪರೇಷನ್‌ನ ಹಳೆಯ ಕಾಗದ ಸಿಕ್ಕರೆ ತೆಗೆದುಕೊಂಡು ಹೋಗಿ. ಅವತ್ತು ಯಾವ ಔಷಧಿ ಕೊಟ್ಟಿದ್ದರು ಎಂದು ಅದರಲ್ಲಿದ್ದರೆ ಅವರಿಗೆ ಬಹಳ ಸಹಾಯ. ಬಿಪಿ ಮಾತ್ರೆಯ ಹೆಸರನ್ನೂ ತೋರಿಸಿ, ಕೆಲವು ಜಾತಿಯ ಮಾತ್ರೆಯನ್ನು ಆಪರೇಷನ್ ದಿನ ಬಿಡಿಸುತ್ತಾರೆ, ಕೆಲವನ್ನು ತಪ್ಪದೆ ನುಂಗಿಸುತ್ತಾರೆ. ಇವತ್ತಿನಿಂದಲೇ ದಿನಕ್ಕೆರಡು ಸಲ, ಎರಡೆರಡು ನಿಮಿಷ, ಬೆರಳಿನಿಂದ ಮೂಗು ಮುಚ್ಚಿಕೊಂಡು ಬಾಯಲ್ಲಿ ನಿಧಾನವಾಗಿ ಉಸಿರಾಡಿ ನೋಡಿ. ಹಾಗೇ ಒಂದು ಗುಟುಕು ನೀರು ನುಂಗಿ. ಕಿವಿ ಗವ್ ಅನ್ನುತ್ತದೆ, ಒಂದು ಕ್ಷಣ ಉಸಿರು ಕಟ್ಟಿದಂತಾಗುತ್ತದೆ. ಎದ್ದಾಗ ಆಗುವುದೂ ಅದೇ. ಅಭ್ಯಾಸ ಮಾಡಿಕೊಂಡು ಬಂದವರು ಅವತ್ತು ಗಾಬರಿಯಾಗಿ ಮೂಗಿಗೆ ಕೈ ಹಾಕುವುದಿಲ್ಲ. ಇದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ.